ಅಮಿಲಾಯ್ಡ್ ಬೀಟಾ ಅಂಟುವುದನ್ನು ಬೆಳಕಿನಿಂದ ಅಳೆಯುವುದು ಹೇಗೆ?

ಧಾರವಾಡ, ಬೆಳಗಾವಿ ಕಡೆಯಿಂದ ಎಂಎಸ್ಸಿ ಮುಗಿಸಿ ಪುಣೆಯ ಲ್ಯಾಬ್‌ಗಳಿಗೆ ಬರುವ ಹುಡುಗ ಹುಡುಗಿಯರು ಎಸ್‌ಪಿಆರ್ (ಸರ್ಫೇಸ್ ಪ್ಲಾಸ್ಮನ್ ರೆಸೊನೆನ್ಸ್, ಅಣುಗಳು ಅಂಟುವುದನ್ನು ಬೆಳಕಿನಿಂದ ಅಳೆಯುವ ವಿಧಾನ) ಮಷೀನ್ ನಡೆಸುವುದನ್ನು ಬೇಗ ಕಲಿಯುತ್ತಾರೆ. ಎಡವುವುದು ಅದಕ್ಕೂ ಮುಂಚೆ, ಅಮಿಲಾಯ್ಡ್ ಬೀಟಾ ಪೆಪ್ಟೈಡ್ (ಚಿಕ್ಕ ಪ್ರೋಟೀನ್ ತುಣುಕು) ಕರಗಿಸುವಾಗ.

ಚಿಪ್ ಅಂದರೆ ಗಾಜಿನ ಮೇಲೆ ಸುಮಾರು 50 ನ್ಯಾನೊಮೀಟರ್ ದಪ್ಪದ ಚಿನ್ನ, ಅದರ ಮೇಲೆ ಆಂಟಿಬಾಡಿ, ಅಂದರೆ ನಿರ್ದಿಷ್ಟ ಅಣುವನ್ನು ಹಿಡಿಯುವ ಪ್ರೋಟೀನ್. ಒಂದು ಕಡೆಯಿಂದ ಬೆಳಕು ಬೀಳುತ್ತದೆ, ಇನ್ನೊಂದು ಕಡೆ ಅಲ್ಝೈಮರ್ ಕಾಯಿಲೆಯ ಅಮಿಲಾಯ್ಡ್ ಬೀಟಾ 42 ಹರಿಯುತ್ತದೆ. ಅದು ಅಂಟಿದಾಗ ಬೆಳಕು ಮಂಕಾಗುವ ಕೋನ ಸರಿಯುತ್ತದೆ. ಪರದೆಯ ಗೆರೆ ಅದೇ.

ಆಂಟಿಬಾಡಿ ಕೂರಿಸುವುದು ಸುಲಭ: ಆಂಟಿಬಾಡಿಯನ್ನು ಚಿಪ್‌ಗೆ ಜೋಡಿಸುವ ರಾಸಾಯನಿಕಗಳಾದ ಇಡಿಸಿ, ಎನ್‌ಎಚ್‌ಎಸ್ ಹರಿಸಿ, ಪಿಎಚ್ 5ರ ಅಸಿಟೇಟ್‌ನಲ್ಲಿ ಆಂಟಿಬಾಡಿ ಬಿಡಿ, ಕೊನೆಗೆ ಉಳಿದ ಜಾಗ ಮುಚ್ಚಲು ಎಥನಾಲಮೈನ್. ಚಿಪ್‌ನ ಪಕ್ಕದ ಚಾನೆಲ್‌ನಲ್ಲಿ ಹೋಲಿಕೆಗೆ ಸಂಬಂಧವಿಲ್ಲದ ಆಂಟಿಬಾಡಿ ಇರಲೇಬೇಕು. ಖಾಲಿ ಚಾನೆಲ್ ಸಾಕು ಅನ್ನುವವರ ಮಾತು ಕೇಳಬೇಡಿ, ಈ ಪೆಪ್ಟೈಡ್ ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ.

ಈಗ ಪೆಪ್ಟೈಡ್. ಪುಡಿಯನ್ನು ಸುಮ್ನೆ ಪಿಬಿಎಸ್‌ಗೆ (ಪಿಎಚ್ ಸ್ಥಿರವಾಗಿಡುವ ಉಪ್ಪಿನ ದ್ರವ, ಅಂದರೆ ಒಂದು ಬಫರ್) ಹಾಕಿ ಅಲ್ಲಾಡಿಸುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಹಾಗೆ ಮಾಡಿದರೆ ಟ್ಯೂಬಿನಲ್ಲಿ ಒಂಟಿ ಅಣುಗಳೂ ಮುದ್ದೆಗಳೂ ಕಲೆತಿರುತ್ತವೆ. ಮುದ್ದೆ ಒಟ್ಟಿಗೆ ಹಲವು ಆಂಟಿಬಾಡಿಗಳನ್ನು ಹಿಡಿಯುತ್ತದೆ, ಒಂದು ಕೈ ಬಿಟ್ಟರೂ ಇನ್ನೊಂದು ಕೈ ಬಿಡುವುದಿಲ್ಲ. ಬಫರ್ ಹರಿಸಿದರೂ ಗೆರೆ ಇಳಿಯದೆ ಮಟ್ಟಸವಾಗಿ ನಿಲ್ಲುತ್ತದೆ. ಬಿಗಿಯಾದ ಬಂಧ ಸಿಕ್ಕಿತು ಅಂತ ಖುಷಿಪಡುವುದು ಇಲ್ಲೇ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್‌ನಂಥ ಅಲ್ಝೈಮರ್ ಆಂಟಿಬಾಡಿ ಔಷಧ ಒಂಟಿ ಅಣುವಿಗಿಂತ ಪ್ರೊಟೊಫೈಬ್ರಿಲ್ (ಹಲವು ಅಣುಗಳು ಸೇರಿದ ಕರಗುವ ಮುದ್ದೆ) ಅನ್ನು ಎಷ್ಟೋ ಜಾಸ್ತಿ ಬಿಗಿಯಾಗಿ ಹಿಡಿಯುತ್ತದೆ. ಹಾಗಿರುವಾಗ ಹರಿಸಿದ್ದು ಯಾವುದು ಅಂತ ಗೊತ್ತಿಲ್ಲದೆ ಅಳೆದ ಸಂಖ್ಯೆಗೆ ಏನು ಅರ್ಥ?

ಆದ್ದರಿಂದ ಮೊದಲು ಮುದ್ದೆಗಳನ್ನು ಬಿಡಿಸುವ ದ್ರಾವಕ ಎಚ್‌ಎಫ್‌ಐಪಿಯಲ್ಲಿ ಕರಗಿಸಿ, ಫ್ಯೂಮ್ ಹುಡ್ ಒಳಗೇ, ಗ್ಲೌಸ್ ಹಾಕಿಕೊಂಡು. ಸಣ್ಣ ಸಣ್ಣ ಪಾಲು ಮಾಡಿ ರಾತ್ರಿಯಿಡೀ ಆರಲು ಬಿಡಿ, ನಂತರ ವ್ಯಾಕ್ಯೂಮ್‌ನಲ್ಲಿ ಪೂರ್ತಿ ಒಣಗಿಸಿ ಮೈನಸ್ 80ರಲ್ಲಿ ಇಡಿ. ಬಳಸುವ ದಿನ ಡಿಎಂಎಸ್‌ಒ ಎಂಬ ಇನ್ನೊಂದು ದ್ರಾವಕದಲ್ಲಿ, ಅದೂ ನೀರಿನಂಶವಿಲ್ಲದ್ದರಲ್ಲಿ, ಕರಗಿಸಿ, ತಣ್ಣನೆಯ ಬಫರ್‌ಗೆ ಸೇರಿಸಿ, ಐಸ್ ಮೇಲೆ ಇಡಿ. ಡಿಎಂಎಸ್‌ಒ ತೇವ ಹೀರುತ್ತದೆ, ಪುಣೆಯ ಮಳೆಗಾಲದಲ್ಲಿ ಹಳೆಯ ಬಾಟಲಿಯನ್ನು ನಂಬಲೇಬೇಡಿ. ಆಮೇಲೆ ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಸೈಜ್ ಎಕ್ಸ್‌ಕ್ಲೂಷನ್ ಕಾಲಮ್‌ನಿಂದ ಒಂಟಿ ಅಣುಗಳ ಪಾಲನ್ನು ಮಾತ್ರ ಹಿಡಿಯಿರಿ. ಬರೀ ಸೆಂಟ್ರಿಫ್ಯೂಜ್ ಸಾಲದು, ಸಣ್ಣ ಮುದ್ದೆಗಳು ತಳಕ್ಕೆ ಹೋಗುವುದಿಲ್ಲ. ಹಿಡಿದದ್ದನ್ನು ಪೆಪ್ಟೈಡ್ ಗೋಡೆಗೆ ಅಂಟುವುದು ಕಡಿಮೆ ಇರುವ ಲೋ-ಬೈಂಡ್ ಟ್ಯೂಬಿನಲ್ಲಿಟ್ಟು ಅಂದೇ ಹರಿಸಿ. ಉಳಿದದ್ದನ್ನು ನಾಳೆಗೆ ಇಡಬೇಡಿ. ಅಗ್ಗದ, ಶುದ್ಧತೆ ಕಡಿಮೆ ಇರುವ ಪೆಪ್ಟೈಡ್ ಕೊಂಡಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ.

ಕಾಲಮ್ ಇಲ್ಲದವರು ಡಿಎಂಎಸ್‌ಒ ಸಮೇತ ಹರಿಸಿದರೆ ಚಿಪ್ ಮೇಲೆ ಸದಾ ಹರಿಯುವ ರನ್ನಿಂಗ್ ಬಫರ್‌ನಲ್ಲೂ ಅಷ್ಟೇ ಡಿಎಂಎಸ್‌ಒ ಇರಲಿ. ಶೇ 1ರಷ್ಟು ವ್ಯತ್ಯಾಸವಾದರೂ ಗೆರೆ ಸಾವಿರ ರೆಸ್ಪಾನ್ಸ್ ಯೂನಿಟ್‌ಗೂ (ಎಸ್‌ಪಿಆರ್ ಸಂಕೇತದ ಅಳತೆ) ಮೇಲೆ ಹಾರುತ್ತದೆ. ಅದು ಬಂಧವಲ್ಲ, ದ್ರವ ಬದಲಾದದ್ದು ಅಷ್ಟೇ.

ಐದಾರು ಸಾಂದ್ರತೆಗಳಲ್ಲಿ ಹರಿಸಿ, ನಡುವೆ ಬರೀ ಬಫರ್ ಕೂಡ. ಪ್ರತಿ ಸಲ ಪಿಎಚ್ 2ರ ಗ್ಲೈಸಿನ್‌ನಿಂದ ತೊಳೆಯಿರಿ. ಗೆರೆ ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಮುಂದಿನ ಸಾಂದ್ರತೆಗೆ ಹೋಗಬೇಡಿ, ಚಿಪ್ ಬದಲಾಯಿಸಿ.