ಹುಳದ ಮಾತ್ರೆ ಜಗಲಿಯಲ್ಲಿ, ಸೂಜಿ ಡಾಕ್ಟರ ಕೈಯಲ್ಲಿ

ನಾಯಿಗೆ ನಾನೇ ಲಸಿಕೆಯ ಸೂಜಿ ಚುಚ್ಚುವುದನ್ನು ಬಿಟ್ಟು ಆರು ವರ್ಷವಾಯಿತು. ಹುಳದ ಔಷಧಿಗೆ ಮಾತ್ರ ಈಗಲೂ ನನ್ನದೇ ಕೈ. ಎರಡೂ ಒಂದೇ ಬಗೆಯ ಕೆಲಸ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಅಲ್ಲ ಎಂದು ತಿಳಿಯುವ ಹೊತ್ತಿಗೆ ಒಂದು ಮರಿ ಹೋಗಿತ್ತು.

ನಮ್ಮದು ಸಾಗರ ತಾಲೂಕಿನ ಒಂಟಿಮನೆ. ಬಸ್ಸಿಳಿದ ಮೇಲೆ 2 ಕಿಲೋಮೀಟರ್ ನಡಿಗೆ. ತೋಟಕ್ಕೆ ಮಂಗ, ರಾತ್ರಿ ಕಾಡುಹಂದಿ, ಒಮ್ಮೊಮ್ಮೆ ಅಂಗಳದ ತನಕ ಬರುವ ಕುರ್ಕ, ಅಂದರೆ ಚಿರತೆ. ಹಾಗಾಗಿ ಎರಡು ಮೂರು ನಾಯಿ ಯಾವಾಗಲೂ ಇರುತ್ತವೆ, ಎಲ್ಲವೂ ಊರುನಾಯಿಗಳೇ. ಪೇಟೆಯ ಪಶು ಆಸ್ಪತ್ರೆ 22 ಕಿಲೋಮೀಟರ್ ದೂರ. ನಮ್ಮ ಬಸ್ಸಿನವರು ನಾಯಿ ಹತ್ತಿಸಿಕೊಳ್ಳುವುದಿಲ್ಲ. ಓಮ್ನಿಯವನಿಗೆ ಫೋನ್ ಮಾಡಿದರೆ "ನಾಯಿಯಾ?" ಎಂದು ಕೇಳಿ ಸುಮ್ಮನಾಗುತ್ತಾನೆ. ಬಂದರೂ ಮೂರನೇ ತಿರುವಿಗೆ ನಾಯಿ ವಾಂತಿ ಮಾಡಿಕೊಳ್ಳುತ್ತದೆ, ಸೀಟು ತೊಳೆದುಕೊಡುವ ಕೆಲಸ ನನ್ನದು.

ದನಗಳಿಗೆ ಇಂಜೆಕ್ಷನ್ ಕೊಟ್ಟು ನನಗೆ ಕೈ ಪಳಗಿತ್ತು. ಪೇಟೆಗೆ ಹೋದಾಗ ಔಷಧಿ ಅಂಗಡಿಯಲ್ಲಿ "ಸೆವೆನ್ ಇನ್ ಒನ್", ಅಂದರೆ ನಾಯಿಯ ಹಲವು ರೋಗಕ್ಕೆ ಒಂದೇ ಲಸಿಕೆ, ಕೇಳಿದರೆ ಎರಡು ಪುಟ್ಟ ಸೀಸೆ ಕೊಡುತ್ತಿದ್ದರು. ಒಂದರಲ್ಲಿ ಬಿಳಿ ಹುಡಿಯ ಗಟ್ಟಿ, ಇನ್ನೊಂದರಲ್ಲಿ ನೀರಿನಂಥ ದ್ರವ. ಜೊತೆಗೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ನಾಲ್ಕು ಚೂರು ಐಸು. ಮನೆಗೆ ತಂದು ಅದನ್ನು ಹುಡಿಗೆ ಸೇರಿಸಿ, ಭುಜದ ಮೇಲಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಆ ಮಡಿಕೆಯ ಬುಡಕ್ಕೆ ಸೂಜಿ ಹಾಕಿ, ಸ್ವಲ್ಪ ಹಿಂದಕ್ಕೆಳೆದು ರಕ್ತ ಬರಲಿಲ್ಲ ಎಂದು ನೋಡಿ ಒತ್ತಿದರೆ ಮುಗಿಯಿತು. ಬೆಲ್ಲದ ಚೂರು ನೆಕ್ಕುತ್ತಿರುವ ಮರಿಗೆ ಗೊತ್ತೂ ಆಗುವುದಿಲ್ಲ. ನಾನು ಏಮಾರಿದ್ದು ಇಲ್ಲಿಯೇ. ಚುಚ್ಚುವುದು ಅಷ್ಟು ಸುಲಭವಾದ್ದರಿಂದ ಲಸಿಕೆ ಹಾಕುವುದೂ ಅಷ್ಟೇ ಸುಲಭ ಎಂದುಕೊಂಡೆ.

ಚಿನ್ನಿ ಎಂಬ ಮರಿಗೆ ಆರು ವಾರವಾದಾಗ ಹೀಗೇ ಚುಚ್ಚಿದೆ. ಒಂದು ಕೊಟ್ಟಾಯಿತಲ್ಲ, ಇನ್ನು ವರ್ಷದ ಮೇಲೆ ನೋಡಿದರಾಯಿತು ಎಂದು ಬಿಟ್ಟೆ. ಹತ್ತನೇ ವಾರದಲ್ಲಿ ಒಂದು ಬೆಳಗ್ಗೆ ಹಾಲು ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ನೊರೆ ನೊರೆ ವಾಂತಿ, ಸಂಜೆಗೆ ರಕ್ತದ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದವರು ಜನ್ಮದಲ್ಲಿ ಮರೆಯುವುದಿಲ್ಲ. ಪಾರ್ವೋ, ಮರಿಗಳ ಕರುಳಿಗೆ ಹತ್ತುವ ವೈರಸ್ ರೋಗ. ಪೇಟೆಗೆ ಒಯ್ದು ಎರಡು ದಿನ ಡ್ರಿಪ್ ಹಾಕಿಸಿದೆವು. ಮೂರನೇ ದಿನ ವಾಪಸು ತಂದದ್ದು ಗೋಣಿಯಲ್ಲಿ.

"ಲಸಿಕೆ ಹಾಕಿದ್ದೆನಲ್ಲ ಡಾಕ್ಟ್ರೇ" ಎಂದೆ. ಅವರು ಬೈಯಲಿಲ್ಲ. ಎಲ್ಲಿಂದ ತಂದಿರಿ, ಎಷ್ಟು ಹೊತ್ತಿನ ದಾರಿ, ಮನೆಯಲ್ಲಿ ಎಲ್ಲಿಟ್ಟಿರಿ, ಎಷ್ಟನೇ ವಾರ, ಎಷ್ಟು ಸಲ ಎಂದು ಒಂದೊಂದಾಗಿ ಕೇಳಿದರು. ನನ್ನ ಉತ್ತರಗಳು ನನಗೇ ಕೇಳಲಾಗಲಿಲ್ಲ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ನಾನು ತಂದ ದಿನ ಸಂತೆ ಮುಗಿಸಿ, ಬಸ್ಸು ಕಾದು ಮನೆ ಮುಟ್ಟುವಷ್ಟರಲ್ಲಿ ಐಸು ನೀರಾಗಿತ್ತು. ಜೂನ್ ತಿಂಗಳು. ಫ್ರಿಜ್ಜಿನಲ್ಲಿಟ್ಟೆ ನಿಜ, ಆದರೆ ಮಳೆ ಹಿಡಿದ ಮೇಲೆ ನಮ್ಮಲ್ಲಿ ಕರೆಂಟು ಹೋದರೆ ಎರಡು ದಿನಕ್ಕೆ ಬಂದರೂ ಪುಣ್ಯ. ಹಾಳಾದ ಲಸಿಕೆ ನೋಡುವುದಕ್ಕೆ ಬೇರೆ ಥರ ಕಾಣುವುದೂ ಇಲ್ಲ. ಹಾಲಾದರೆ ಒಡೆದು ಹೇಳುತ್ತದೆ, ಇದು ಹೇಳುವುದಿಲ್ಲ. ಹೆಚ್ಚು ತಣ್ಣಗಿರಲಿ ಎಂದು ಫ್ರಿಜ್ಜಿನಲ್ಲಿ ಐಸು ಕಟ್ಟುವ ಖಾನೆಯಲ್ಲಿಡುವವರೂ ಇದ್ದಾರೆ. ಹೆಪ್ಪುಗಟ್ಟಿದರೆ ರೇಬಿಸ್ ಲಸಿಕೆ ಕೆಟ್ಟಿತು ಎಂದೇ ಲೆಕ್ಕ.

ಎರಡನೆಯ ಸಂಗತಿ ನನಗೆ ಗೊತ್ತೇ ಇರಲಿಲ್ಲ. ತಾಯಿಯ ಗಿಣ್ಣು ಹಾಲಿನಿಂದ ಮರಿಗೆ ಬಂದ ರೋಗನಿರೋಧಕ ಶಕ್ತಿ ಕೆಲವು ವಾರ ಉಳಿದಿರುತ್ತದೆ. ಅದು ಇರುವ ತನಕ ನಾವು ಕೊಟ್ಟ ಲಸಿಕೆಯನ್ನೂ ಅದೇ ಹೊಡೆದುಹಾಕುತ್ತದೆ. ಯಾವ ಮರಿಯಲ್ಲಿ ಯಾವ ವಾರಕ್ಕೆ ಅದು ಇಳಿಯುತ್ತದೆ ಎಂದು ಹೊರಗಿನಿಂದ ಹೇಳಲಾಗದು. ಅದಕ್ಕೇ 6ರಿಂದ 8ನೇ ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ 16 ವಾರ ತುಂಬುವ ತನಕ ಮುಂದುವರಿಸುವುದು. ನಾನು ಮೊದಲನೆಯದಕ್ಕೇ ಕೈತೊಳೆದುಕೊಂಡಿದ್ದೆ. ಚಿನ್ನಿ ಹೋದದ್ದು ಬಿಸಿಯಾದ ಸೀಸೆಯಿಂದಲೋ, ಬಿಟ್ಟ ಎರಡನೇ ಡೋಸಿನಿಂದಲೋ, ಅದನ್ನು ಈಗ ಬಿಡಿಸಿ ಹೇಳಲು ಯಾರಿಂದಲೂ ಆಗದು.

ಪಾರ್ವೋ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಫಿನಾಯಿಲ್ ಅದಕ್ಕೆ ಸಾಲದು. ನಾವು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಜಗಲಿ, ಕೊಟ್ಟಿಗೆಯ ಕಟ್ಟೆ ಎಲ್ಲ ತೊಳೆದು, ಚಿನ್ನಿ ಮಲಗುತ್ತಿದ್ದ ಗೋಣಿ ಸುಟ್ಟೆವು. ಮುಂದಿನ ಮರಿ ತಂದದ್ದು ವರ್ಷ ಕಳೆದ ಮೇಲೆ. ಲಸಿಕೆ ಪೂರ್ತಿಯಾಗದ ಮರಿಯನ್ನು ಆಸ್ಪತ್ರೆಯ ನೆಲಕ್ಕೂ ಬಿಡಬಾರದು. ಕಾಯಿಲೆಯ ನಾಯಿಗಳು ಬರುವ ಜಾಗ ಅದೇ ತಾನೆ. ನಾನು ಅಡಿಕೆ ಬುಟ್ಟಿಯಲ್ಲಿ ಕೂರಿಸಿಕೊಂಡು, ಮಡಿಲಿನಿಂದ ಇಳಿಸದೆ ಸೂಜಿ ಹಾಕಿಸಿಕೊಂಡು ಬರುತ್ತೇನೆ.

ಆಸ್ಪತ್ರೆ ಎಂದಾಕ್ಷಣ ಎಲ್ಲವೂ ಸರಿ ಎಂದು ನಾನು ನಂಬುವುದಿಲ್ಲ. ಒಂದು ಕಡೆ ಲಸಿಕೆಯ ಸೀಸೆಗಳು ಫ್ರಿಜ್ಜಿನ ಬಾಗಿಲಲ್ಲಿ, ಯಾರದೋ ಊಟದ ಡಬ್ಬಿಯ ಪಕ್ಕದಲ್ಲಿ ನಿಂತದ್ದನ್ನು ಕಂಡಿದ್ದೇನೆ. ಅಲ್ಲಿಗೆ ಮತ್ತೆ ಹೋಗಲಿಲ್ಲ. ಈಗ ಹೋಗುವ ಡಾಕ್ಟರು ಸೀಸೆಯ ಚೀಟಿಯನ್ನು ಕಿತ್ತು ನಾಯಿಯ ಪುಸ್ತಕಕ್ಕೆ ಅಂಟಿಸಿ, ತಾರೀಖು ಬರೆದು ಸಹಿ ಹಾಕುತ್ತಾರೆ. ಸೂಜಿಗೆ ಮೊದಲು ಜ್ವರ ನೋಡುತ್ತಾರೆ. ಆರೋಗ್ಯವಾಗಿರುವ ನಾಯಿಯ ಮೈ 101, 102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಕರಿಯನಿಗೆ ಒಮ್ಮೆ 104 ಇತ್ತು. ನನಗೆ ಅದು ಚೆನ್ನಾಗಿಯೇ ಇದ್ದಂತೆ ಕಂಡಿತ್ತು. ಲಸಿಕೆ ಹಾಕದೆ ಉಣ್ಣೆಜ್ವರಕ್ಕೆ ಮದ್ದು ಕೊಟ್ಟು ಕಳಿಸಿದರು.

ನಮ್ಮ ಇನ್ನೊಂದು ನಾಯಿ ಬೆಳ್ಳಿಯ ಸಂಗತಿ ಆದದ್ದು ಅದರ ಮರುವರ್ಷ. ಸೂಜಿ ಹಾಕಿಸಿ ಹೊರಟವಳನ್ನು ಡಾಕ್ಟರು "ಅರ್ಧ ಗಂಟೆ ಕೂತು ಹೋಗಿ ಅಕ್ಕ" ಎಂದು ತಡೆದರು. ಇಪ್ಪತ್ತು ನಿಮಿಷಕ್ಕೆ ಬೆಳ್ಳಿಯ ಮೂತಿ ಹಲಸಿನ ತೊಳೆಯ ಹಾಗೆ ಉಬ್ಬಿತು, ಕಣ್ಣು ಮುಚ್ಚಿಕೊಂಡವು, ಎರಡು ಸಲ ವಾಂತಿ. ಲಸಿಕೆಗೆ ಹೀಗಾಗುವುದು ಅಪರೂಪ. ಆದಾಗ ಮದ್ದು ಕೈಗೆಟುಕುವಷ್ಟು ಹತ್ತಿರ ಇರಬೇಕು. ಅವರು ಎರಡು ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಇಟ್ಟುಕೊಂಡರು, ಇಳಿಯಿತು. ನಮ್ಮ ಜಗಲಿಯಲ್ಲಾಗಿದ್ದರೆ ನಾನು ಅರಿಶಿನ ಅರೆಯುತ್ತಾ ಕೂತಿರುತ್ತಿದ್ದೆ.

ಹುಳದ ಔಷಧಿಯ ಮಾತೇ ಬೇರೆ. ಅದಕ್ಕೆ ಐಸು ಬೇಡ, ಸಹಿ ಬೇಡ. ಬೇಕಾದದ್ದು ತೂಕ ಮತ್ತು ಕ್ಯಾಲೆಂಡರು. ತೂಕವನ್ನು ಕಣ್ಣಂದಾಜಿನಲ್ಲಿ ಹೇಳುವವರು ನೂರಕ್ಕೆ ನೂರು ತಪ್ಪುತ್ತಾರೆ, ನಾನೂ ಸೇರಿ. 12 ಕಿಲೋ ಎಂದುಕೊಂಡಿದ್ದ ಕರಿಯನನ್ನು ಅಡಿಕೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರೆ 19 ಬಂತು. ಎರಡು ವರ್ಷ ಅರ್ಧಂಬರ್ಧ ಮದ್ದು ತಿಂದಿದ್ದ ಪಾಪ. ನಿಲ್ಲದ ನಾಯಿಯನ್ನು ಎತ್ತಿಕೊಂಡು ನಾವೇ ತಕ್ಕಡಿ ಹತ್ತಿ, ಆಮೇಲೆ ನಮ್ಮ ತೂಕ ಕಳೆದರೆ ಸಾಕು. ಮರಿಯಾದರೆ ಬುಟ್ಟಿ ಸಮೇತ ಇಟ್ಟು ಬುಟ್ಟಿಯ ತೂಕ ಕಳೆಯುವುದು. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಎಂಬ ಮೂರು ಮದ್ದೂ ಸೇರಿದ ಮಾತ್ರೆ ಸಾಮಾನ್ಯವಾಗಿ 10 ಕಿಲೋಗೆ ಒಂದು. ಚೀಟಿಯಲ್ಲಿ ಬರೆದಿರುತ್ತದೆ, ಓದಿಯೇ ಕೊಡಬೇಕು. ಬಸುರಿ ನಾಯಿಗಾದರೆ ಡಾಕ್ಟರಿಗೆ ಒಂದು ಫೋನ್ ಮಾಡದೆ ಕೊಡುವುದಿಲ್ಲ.

ಮರಿಗಳಿಗೆ 15 ದಿನಕ್ಕೇ ಶುರು. ಇಷ್ಟು ಬೇಗ ಯಾಕೆ ಎಂದು ನಮ್ಮ ಅತ್ತೆಗೆ ಇವತ್ತಿಗೂ ಅನುಮಾನ: "ಕಣ್ಣೇ ಈಗ ಬಿಟ್ಟಾವೆ, ಅದಕ್ಕೆಂತ ಹುಳ?" ದುಂಡುಹುಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮರಿಗೆ ದಾಟುತ್ತದೆ, ಆಮೇಲೆ ಹಾಲಿನಲ್ಲೂ ಬರುತ್ತದೆ. ಅದಕ್ಕೆ 2, 4, 6, 8ನೇ ವಾರಕ್ಕೆ ಸಿರಪ್, ಆರು ತಿಂಗಳ ತನಕ ತಿಂಗಳಿಗೊಮ್ಮೆ, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ. ತಾಯಿಗೂ ಜೊತೆಗೇ ಕೊಡುತ್ತೇನೆ. ಗುಂಡ ನಮ್ಮಲ್ಲಿಗೆ ಬಂದಾಗ ಹೊಟ್ಟೆ ಚೆಂಬಿನ ಹಾಗೆ, ಕೂದಲು ದರಕಿನ ಹಾಗೆ ಇತ್ತು. ಸಿರಪ್ ಕೊಟ್ಟ ಮರುದಿನ ಬೆಳಗ್ಗೆ ಅಂಗಳದಲ್ಲಿ ಶಾವಿಗೆ ಚೆಲ್ಲಿದ ಹಾಗೆ ಬಿದ್ದಿತ್ತು. ಅತ್ತೆ ನೋಡಿದರು, ಅವತ್ತು ತಿಂಡಿಗೆ ಮಾಡಿದ್ದ ಶಾವಿಗೆ ಉಪ್ಪಿಟ್ಟು ಮಾತ್ರ ಯಾರಿಗೂ ಸೇರಲಿಲ್ಲ.

ಒಸಡು ಎತ್ತಿ ನೋಡುವುದನ್ನೂ ರೂಢಿ ಮಾಡಿಕೊಂಡಿದ್ದೇನೆ. ಬೆಳ್ಳಗೆ ಬಿಳಿಚಿಕೊಂಡಿದ್ದು, ಹೇಲು ಡಾಂಬರಿನಂತೆ ಕಪ್ಪಾಗಿದ್ದರೆ ಕೊಕ್ಕೆಹುಳು ರಕ್ತ ಹೀರುತ್ತಿರಬಹುದು. ಅಂಥ ಮರಿಗೆ ಮನೆಮದ್ದೂ ಇಲ್ಲ, ನನ್ನ ಮಾತ್ರೆಯೂ ಇಲ್ಲ, ಸೀದಾ ಪೇಟೆ.

ಮಾತ್ರೆ ತಿನ್ನಿಸುವುದೊಂದು ವಿದ್ಯೆ. ಕರಿಯ ಅನ್ನದಲ್ಲಿ ಕಲಸಿದ ಮಾತ್ರೆಯನ್ನು ಬಿಟ್ಟು ಅನ್ನವನ್ನೆಲ್ಲ ನೆಕ್ಕುತ್ತಾನೆ. ಬೆಲ್ಲದಲ್ಲಿಟ್ಟರೆ ಬೆಲ್ಲ ಕರಗಿಸಿಕೊಂಡು ಮಾತ್ರೆಯನ್ನು ಒರಳಿನ ಹಿಂದೆ ಉಗುಳಿ ಬರುತ್ತಾನೆ. ಈಗ ಮೂರು ತುಂಡು ದೋಸೆಗೆ ತುಪ್ಪ ಸವರಿ ಒಂದರ ಹಿಂದೆ ಒಂದು ಎಸೆಯುತ್ತೇನೆ. ಮಾತ್ರೆ ಇರುವುದು ಎರಡನೆಯದರಲ್ಲಿ. ಮೂರನೆಯದು ಕಣ್ಣಿಗೆ ಬೀಳುತ್ತಿದ್ದರೆ ಎರಡನೆಯದನ್ನು ಅಗಿಯುವ ವ್ಯವಧಾನ ಅವನಿಗಿರುವುದಿಲ್ಲ.

ಮಾತ್ರೆ ಕೊಟ್ಟು ಎರಡು ತಿಂಗಳಿಗೇ ಬೆಳ್ಳಿಯ ಬಾಲದ ಬುಡದಲ್ಲಿ ಅಕ್ಕಿಕಾಳಿನಂಥವು ಮತ್ತೆ ಕಾಣಿಸಿದ್ದವು. ಲಾಡಿಹುಳದ ತುಂಡುಗಳು. ಮದ್ದು ಹುಸಿಯಾಯಿತು ಎಂದು ಅಂಗಡಿಯವನನ್ನು ಬೈದೆ. ತಪ್ಪು ಅವನದಲ್ಲ, ಚಿಗಟದ್ದು. ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟ ನುಂಗುತ್ತದೆ, ಚಿಗಟದ ಹೊಟ್ಟೆಯಲ್ಲಿ ಲಾಡಿಹುಳದ ಮರಿ ಇರುತ್ತದೆ. ಗೋಣಿಚೀಲ ಬಿಸಿಲಿಗೆ ಹಾಕದೆ, ಚಿಗಟಕ್ಕೆ ಮದ್ದು ಮಾಡದೆ ಮಾತ್ರೆಯನ್ನಷ್ಟೇ ಕೊಟ್ಟರೆ ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಲಾಡಿಹುಳಕ್ಕೆ ನಮ್ಮ ಅಜ್ಜನ ಕಾಲದಲ್ಲಿ ನಾಯಿಗೆ ಹಸಿ ಅಡಿಕೆ ಜಜ್ಜಿ ಹಾಕುತ್ತಿದ್ದರಂತೆ. ಮೂಢನಂಬಿಕೆ ಎಂದು ನಕ್ಕಿದ್ದೆ. ಆದರೆ ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನೇ ಒಂದು ಕಾಲಕ್ಕೆ ಪಶುವೈದ್ಯರೂ ನಾಯಿಯ ಲಾಡಿಹುಳಕ್ಕೆ ಕೊಡುತ್ತಿದ್ದರು, ನ್ಯೂಜಿಲೆಂಡಿನ ಕುರಿ ಕಾಯುವ ನಾಯಿಗಳಿಗೂ ಇದೇ ಮದ್ದು. ನಾಯಿ ಜೊಲ್ಲು ಸುರಿಸಿ, ಭೇದಿಯಾಗಿ ಸುಸ್ತಾಗುತ್ತಿತ್ತು, ಕೆಲವಕ್ಕೆ ಜೀವಕ್ಕೇ ಬರುತ್ತಿತ್ತು. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅದು ಮೂಲೆಗೆ ಬಿತ್ತು. ಮನೆ ತುಂಬ ಅಡಿಕೆ ಇಟ್ಟುಕೊಂಡ ನಾನೂ ಅದರ ತಂಟೆಗೆ ಹೋಗುವುದಿಲ್ಲ.

ತಂಟೆಗೆ ಹೋಗಬಾರದ ಇನ್ನೊಂದು, ದನದ ಐವರ್ಮೆಕ್ಟಿನ್. ನಮ್ಮ ಸುತ್ತಿನಲ್ಲಿ ಕಜ್ಜಿಗೆ, ಉಣ್ಣೆಗೆ, ಹುಳಕ್ಕೆ ಎಲ್ಲಕ್ಕೂ "ಒಂದು ಎಂಎಲ್ ಹಾಕಿಬಿಡಿ" ಎನ್ನುವವರಿದ್ದಾರೆ. ಆ ಒಂದು ಎಂಎಲ್ 50 ಕಿಲೋ ದನದ ಲೆಕ್ಕ. 10 ಕಿಲೋ ನಾಯಿಗೆ ಅಷ್ಟು ಹೊಕ್ಕರೆ ದನದ ಲೆಕ್ಕದಲ್ಲೇ ಐದು ಪಟ್ಟು. ಕೋಲಿ ಎಂಬ ವಿದೇಶಿ ತಳಿಯ ಎಷ್ಟೋ ನಾಯಿಗಳ ಮೆದುಳಿಗೆ ಈ ಮದ್ದು ಸುಲಭವಾಗಿ ನುಗ್ಗುತ್ತದೆ. ಊರುನಾಯಿಯ ವಂಶದಲ್ಲಿ ಯಾವ ರಕ್ತ ಬೆರೆತಿದೆಯೋ ಯಾರು ಬಲ್ಲರು?

ದುಂಡುಹುಳದ ಮೊಟ್ಟೆ ಹೇಲಿನಲ್ಲಿ ಬಿದ್ದು, ಮಣ್ಣಿನಲ್ಲಿ ಎರಡು ಮೂರು ವಾರ ಮಾಗಿದ ಮೇಲೆ ಅಂಟುತ್ತದೆ. ಮಕ್ಕಳ ಬಾಯಿಗೆ ಹೋದರೆ ಮರಿಹುಳು ಕಣ್ಣಿಗೂ ಹೋಗಬಹುದು. ಹಾಗಾಗಿ ಅಂಗಳದ್ದನ್ನು ಅಂದಂದೇ ಎತ್ತಿ ಗುಂಡಿಗೆ ಹಾಕುವುದೂ ನನ್ನ ಲೆಕ್ಕದಲ್ಲಿ ಹುಳದ ಔಷಧಿಯ ಭಾಗವೇ.

ರೇಬಿಸ್ ವಿಷಯದಲ್ಲಿ ಮಾತ್ರ ನನಗೆ ಯಾವ ಧೈರ್ಯವೂ ಇಲ್ಲ. ಲಕ್ಷಣ ಕಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ ಎಂದೇ ಲೆಕ್ಕ. ಪಕ್ಕದ ಊರಿನ ಒಂದು ಮನೆಯ ನಾಯಿ ಹಾಲು ಹಾಕಲು ಹೋದ ಹುಡುಗನನ್ನು ಕಚ್ಚಿತು. ಗಾಯವನ್ನು ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯುವುದು ಯಾರಿಗೂ ನೆನಪಾಗಲಿಲ್ಲ, ಸುಣ್ಣ ಹಚ್ಚಿದ್ದರು. ಆಸ್ಪತ್ರೆಯಲ್ಲಿ ನಾಯಿಯ ಪುಸ್ತಕ ಕೇಳಿದರೆ "ಮನೆಯಲ್ಲೇ ಹಾಕಿದ್ವಿ" ಎಂಬ ಉತ್ತರ. ನಾಯಿಗೆ ಲಸಿಕೆ ಆಗಿದ್ದರೂ ಕಚ್ಚಿಸಿಕೊಂಡವರು ಇಂಜೆಕ್ಷನ್ ಶುರುಮಾಡಲೇಬೇಕು, ಅದು ಬೇರೆ ಮಾತು. ಆದರೆ ನಾಯಿಯನ್ನು ಕಟ್ಟಿ ನೋಡಿದ ಆ ಹತ್ತು ದಿನ ಎರಡೂ ಮನೆಯವರು ನಿದ್ದೆ ಮಾಡಲಿಲ್ಲ.

ಆಮೇಲೆ ನಾವು ಮಾಡಿಕೊಂಡ ಏರ್ಪಾಡು ಇದು. ರೇಬಿಸ್ ಲಸಿಕೆ ಹತ್ತು ಡೋಸಿನ ಸೀಸೆಯಲ್ಲೂ ಬರುತ್ತದೆ, ತೆರೆದ ಮೇಲೆ ಇಟ್ಟುಕೊಂಡು ಕೂರುವ ಹಾಗಿಲ್ಲ. ಪಶು ಆಸ್ಪತ್ರೆಯ ಡಾಕ್ಟರೇ ಹೇಳಿದರು: "ಹತ್ತು ನಾಯಿ ಒಂದು ಕಡೆ ಸೇರಿಸಿ ಅಕ್ಕ, ಐಸ್ ಪೆಟ್ಟಿಗೆ ಹಿಡಿದು ನಾನೇ ಬರ್ತೀನಿ." ಸೆಪ್ಟೆಂಬರ್ 28ರ ರೇಬಿಸ್ ದಿನದ ಆಸುಪಾಸಿನಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಗ್ಗೆ, ನಮ್ಮ ಅಂಗಳಕ್ಕೆ ಸುತ್ತಿನ ಆರು ಮನೆಯ ನಾಯಿಗಳು ಬರುತ್ತವೆ. ಹುಳದ ಮಾತ್ರೆ ಒಂದು ವಾರ ಮೊದಲೇ ಅವರವರ ಮನೆಯಲ್ಲಿ ಆಗಿರುತ್ತದೆ, ನಮ್ಮ ತಕ್ಕಡಿಯೇ ಮನೆ ಮನೆ ಸುತ್ತುತ್ತದೆ. ಒಂದೊಂದು ನಾಯಿಯನ್ನು ಒಂದೊಂದು ಅಡಿಕೆ ಮರಕ್ಕೆ ದೂರದೂರ ಕಟ್ಟುವುದು, ಒಂದೊಂದಕ್ಕೂ ಬೇರೆ ಸೂಜಿ, ಮುಗಿದ ಮೇಲೆ ಅರ್ಧ ಗಂಟೆ ಯಾರೂ ಹೊರಡುವ ಹಾಗಿಲ್ಲ. ಆ ಅರ್ಧ ಗಂಟೆಗೆ ನಾನು ಕಷಾಯ ಕಾಯಿಸುತ್ತೇನೆ.

ಕಳೆದ ಸಲ ಒಂಬತ್ತೇ ನಾಯಿ ಬಂದವು. ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದು "ಇನ್ನೊಂದು ಉಳೀತಲ್ಲ" ಎಂದರು. ಹಾಲಿನ ಡೈರಿಯ ಕಟ್ಟೆಯ ಮೇಲೆ ಮಲಗುವ, ಯಾರದೂ ಅಲ್ಲದ ಕೆಂದ ನಾಯಿ ಒಂದಿದೆ. ನಮ್ಮ ಯಜಮಾನರು ದೋಸೆ ತೋರಿಸಿ ಕರೆತಂದರು. ಪುಸ್ತಕದಲ್ಲಿ ನಾಯಿಯ ಯಜಮಾನರ ಹೆಸರು ಎಂಬಲ್ಲಿ ಏನು ಬರೆಯಲಿ ಎಂದು ಡಾಕ್ಟರು ಕೇಳಿದರು. ಅತ್ತೆ ಜಗಲಿಯಿಂದಲೇ ಕೂಗಿ ಹೇಳಿದರು: "ನನ್ನ ಹೆಸರು ಬರ್ಕಳಿ."