ಕುಯ್ಲಿನ ತಿಂಗಳಲ್ಲಿ ಅಕ್ಕನ ಹೆಸರೇ ಇರಲಿಲ್ಲ

ಕೊಡಗಿನ ಸಿದ್ದಾಪುರದ ಹತ್ತಿರ 60 ಎಕರೆ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಹಾಜರಿ ಬರೆಯುವುದು, ಕುಯ್ಲಿನಲ್ಲಿ ತೂಕ ಹಾಕಿಸುವುದು, ಬಟವಾಡೆ ಮಾಡುವುದು, ಇಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಮಾಲೀಕರು ಕೊಡುವ ಇಡುಗಂಟು, ಅದರ ಲೆಕ್ಕ ಹಾಕಬೇಕಾಗಿ ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ನನಗೆ ಅದೇ ಮೊದಲು.

ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆ) ಅಕ್ಕ ಒಬ್ಬರು ಸಂಜೆ ಬಂದು ನಿಂತರು. "ರೈಟ್ರೇ, ಮೊಣಕಾಲು ಕೇಳ್ತಿಲ್ಲ. ಈ ಸಲ ಕುಯ್ಲಿಗೆ ನಾನಿಲ್ಲ, ಲೆಕ್ಕ ಮುಗಿಸಿಬಿಡಿ" ಎಂದರು. ಅವರ ಬಾಯಲ್ಲಿ ಲೆಕ್ಕ ಎಂದರೆ ಆ ವಾರದ ಕೂಲಿ, ಅದರಲ್ಲಿ ಅಡ್ವಾನ್ಸ್ ಕಳೆದು ಉಳಿದದ್ದು. ಅಷ್ಟೇ. 1997ರ ಜನವರಿಯಲ್ಲಿ ಸೇರಿದವರು. 26 ವರ್ಷ 8 ತಿಂಗಳು. ಗ್ರಾಚ್ಯುಟಿ ಎಂಬ ಮಾತು ಅವರೂ ಎತ್ತಲಿಲ್ಲ, ತೋಟದ ಮಾಲೀಕರಾದ ಸಾವ್ಕಾರ್ರೂ ಎತ್ತಲಿಲ್ಲ. "ಅವಳು ಪರ್ಮನೆಂಟ್ ಅಲ್ವಲ್ಲ, ದಿನಗೂಲಿ" ಎಂದರು ಸಾವ್ಕಾರ್ರು.

ನಮ್ಮ ಕಡೆ ಜಾಸ್ತಿ ಜನ ಎಡವುವುದು ಇಲ್ಲೇ. 1972ರ ಗ್ರಾಚ್ಯುಟಿ ಕಾಯ್ದೆ ಪರ್ಮನೆಂಟಾ, ದಿನಗೂಲಿಯಾ ಎಂದು ನೋಡುತ್ತಿರಲಿಲ್ಲ. ಸತತ 5 ವರ್ಷ ಕೆಲಸ ಮಾಡಿದ್ದರೆ ಸಾಕು. ತಾನಾಗಿ ಬಿಟ್ಟರೂ ಕೊಡಬೇಕು. 5 ಹೆಕ್ಟೇರ್, ಅಂದರೆ ಸುಮಾರು 12 ಎಕರೆ ಇದ್ದು 15 ಜನ ಕೆಲಸಕ್ಕಿದ್ದರೆ ಅದು 1951ರ ತೋಟ ಕಾರ್ಮಿಕರ ಕಾಯ್ದೆಯ ಪ್ರಕಾರ ಪ್ಲಾಂಟೇಶನ್ ಆಗುತ್ತಿತ್ತು, ಗ್ರಾಚ್ಯುಟಿ ಕಾಯ್ದೆ ಅದಕ್ಕೂ ಅನ್ವಯಿಸುತ್ತಿತ್ತು. ನಮ್ಮದು ಅದಕ್ಕಿಂತ ಎಷ್ಟೋ ದೊಡ್ಡದು.

ಲೆಕ್ಕವೇನೋ ಸುಲಭ. ವರ್ಷಕ್ಕೆ 15 ದಿನದ ಕೂಲಿ, ಕೊನೆಗೆ ಪಡೆದ ದರದಲ್ಲಿ. ಅಕ್ಕನಿಗೆ ಆಗ ದಿನಕ್ಕೆ 420 ರೂಪಾಯಿ. ಹದಿನೈದರಿಂದ ಗುಣಿಸಿದರೆ 6,300. ಕೊನೆಯ ತುಂಡು ವರ್ಷ 6 ತಿಂಗಳು ದಾಟಿದ್ದರೆ ಪೂರ್ತಿ ವರ್ಷವೇ, ಹಾಗಾಗಿ 27. ಒಟ್ಟು 1,70,100. (ತಿಂಗಳ ಸಂಬಳದವರಿಗಾದರೆ ಸಂಬಳವನ್ನು 26ರಿಂದ ಭಾಗಿಸಿ ದಿನದ ದರ ತೆಗೆಯಬೇಕು. 30ರಿಂದ ಭಾಗಿಸಿ ಕಡಿಮೆ ಕೊಟ್ಟವರನ್ನೂ ನೋಡಿದ್ದೇನೆ.)

ಕಷ್ಟ ಬಂದದ್ದು ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ ತೆಗೆದಾಗ. ವರ್ಷಕ್ಕೆ 240 ದಿನ ಹಾಜರಿ ಇರಬೇಕು ಎಂದು ಎಲ್ಲೋ ಕೇಳಿದ್ದೆ. ಅಟ್ಟದಿಂದ ಹಳೆ ಪುಸ್ತಕ ಇಳಿಸಿ, ಗೆದ್ದಲು ಕೊಡವಿ, ಮೂರು ರಾತ್ರಿ ಕೂತು ಎಣಿಸಿದೆ. 8 ವರ್ಷಗಳಲ್ಲಿ 240 ಆಗಲೇ ಇಲ್ಲ. ಅವನ್ನು ಬಿಟ್ಟರೆ ಉಳಿದ 19 ವರ್ಷಕ್ಕೆ 1,19,700. ಅದನ್ನೇ ಬರೆದು ಸಾವ್ಕಾರ್ರಿಗೆ ಕೊಡಬೇಕೆಂದಿದ್ದೆ, ಆದರೆ ಮನಸ್ಸು ಒಪ್ಪಲಿಲ್ಲ. ಈ ಅಕ್ಕ ಮನೆಯಲ್ಲಿ ಸುಮ್ನೆ ಕೂತದ್ದನ್ನು ನಾನಂತೂ ಕಂಡಿಲ್ಲ.

ಮತ್ತೆ ನೋಡಿದೆ. ಆ ವರ್ಷಗಳಲ್ಲೆಲ್ಲ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅವರ ಸಾಲು ಖಾಲಿ. ಅಂದರೆ ಕಾಫಿ ಕುಯ್ಲಿನ ಸಮಯ! ತೋಟದಲ್ಲಿ ಯಾರೂ ಬಿಡುವಾಗಿರದ ತಿಂಗಳುಗಳು. ಆಗ ಹೊಳೆಯಿತು. ಕುಯ್ಲಿನಲ್ಲಿ ಕಿಲೋ ಲೆಕ್ಕ. ಗಂಡ ಹೆಂಡತಿ ಒಂದೇ ಸಾಲಿನಲ್ಲಿ ಕುಯ್ದು, ಒಂದೇ ಮೂಟೆ ಹೊತ್ತು ತರುತ್ತಾರೆ. ತೂಕ ಗಂಡನ ಹೆಸರಿಗೆ ಬೀಳುತ್ತದೆ. ಕಿಲೋ ದುಡ್ಡು ಮನೆಗೆ ಬಂತು, ಹೆಂಡತಿಯ ಹಾಜರಿ ಬೀಳಲಿಲ್ಲ. ಕೆಲವು ವರ್ಷದ ಪುಸ್ತಕ ನನ್ನದೇ ಕೈಬರಹ, ಬೇರೆಯವರನ್ನು ಬೈಯುವ ಹಾಗೂ ಇಲ್ಲ.

ತೂಕದ ಪುಸ್ತಕದಲ್ಲಿ ಮೇಸ್ತ್ರಿ ಅಲ್ಲಲ್ಲಿ ಗಂಡನ ಹೆಸರಿನ ಪಕ್ಕ '2 ಆಳು' ಎಂದು ಗುರುತು ಹಾಕಿದ್ದ. ಕಂಬಳಿ ಕೊಟ್ಟ ರಿಜಿಸ್ಟರಿನಲ್ಲಿ ಅಕ್ಕನ ಹೆಬ್ಬೆಟ್ಟು ಒಂದು ಸಲವೂ ತಪ್ಪಿರಲಿಲ್ಲ. ಇವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋದೆ. ಅಲ್ಲಿ ಗೊತ್ತಾಯಿತು, ನಾನು ಎಣಿಸಿದ ರೀತಿಯೇ ತಪ್ಪು. 240 ದಿನದ ಲೆಕ್ಕ ಮೊದಲ ಪರೀಕ್ಷೆ ಅಲ್ಲ. ಕಾಯಿಲೆ, ರಜೆ, ಅಪಘಾತ, ಕೆಲಸಗಾರರ ತಪ್ಪಿಲ್ಲದೆ ಕೆಲಸ ನಿಂತ ದಿನ, ಇವು ಯಾವುವೂ ಸೇವೆಯನ್ನು ಕಡಿಯುವುದಿಲ್ಲ. ಜುಲೈ, ಆಗಸ್ಟಿನ ಮಳೆಗೆ ನಾವೇ "ಇವತ್ತು ಕೆಲಸ ಇಲ್ಲ" ಎಂದು ವಾಪಸ್ ಕಳಿಸಿದ ದಿನಗಳನ್ನು ನಾನು ಗೈರುಹಾಜರಿಗೆ ಸೇರಿಸಿದ್ದೆ. ಹೀಗೆ ನೋಡಿದರೂ ಸತತ ಸೇವೆ ಎಂದು ಆಗದ ವರ್ಷಕ್ಕೆ ಮಾತ್ರ 240 ನೋಡಬೇಕು. 27 ವರ್ಷವೂ ಉಳಿಯಿತು.

ಸಾವ್ಕಾರ್ರು ಕೆಟ್ಟವರಲ್ಲ, ಆದರೆ 50,400 ರೂಪಾಯಿ ವ್ಯತ್ಯಾಸ ಯಾರಿಗೂ ಚುರುಕ್ ಅನ್ನುತ್ತದೆ. ಕಾಫಿ ರೇಟು, ಗೊಬ್ಬರದ ರೇಟು ಎಲ್ಲ ಹೇಳಿದರು. ಆಮೇಲೆ, "ಅಡ್ವಾನ್ಸ್ 22,000 ಇದೆಯಲ್ಲ, ಅದನ್ನಾದರೂ ಮುರ್ಕೊಳ್ಳೋಣ" ಎಂದರು. ಅದಕ್ಕೂ ದಾರಿ ಇರಲಿಲ್ಲ. ಗ್ರಾಚ್ಯುಟಿ ತಡೆಯಲು ಕಾಯ್ದೆ ಹೇಳುವ ಕಾರಣಗಳು ಬೇರೆ: ಬೇಕೆಂದೇ ಅಥವಾ ನಿರ್ಲಕ್ಷ್ಯದಿಂದ ಮಾಡಿದ ನಷ್ಟ, ಹೊಡೆದಾಟದಂಥ ತಪ್ಪಿಗಾಗಿ ಕೆಲಸದಿಂದ ತೆಗೆದಿದ್ದರೆ ಮಾತ್ರ. ಸಾಲ ಅದರಲ್ಲಿಲ್ಲ. ಅವರು ಪರಿಚಯದ ವಕೀಲರಿಗೆ ಫೋನ್ ಮಾಡಿ ಕೇಳಿದರು. ಆಮೇಲೆ ಆ ಮಾತು ಬರಲಿಲ್ಲ. ಅಡ್ವಾನ್ಸನ್ನು ಬೇರೆಯಾಗಿ, ರಸೀದಿ ಹಾಕಿ ತೀರಿಸಿಕೊಂಡೆವು.

ಅಕ್ಕನಿಂದ ಅರ್ಜಿ ಬರೆಸಿಕೊಂಡೆ. ಅರ್ಜಿ ಬರದಿದ್ದರೂ ಲೆಕ್ಕ ಹಾಕಿ ತಿಳಿಸುವುದು ಮಾಲೀಕರ ಜವಾಬ್ದಾರಿಯೇ. 30 ದಿನದೊಳಗೆ ಕೊಡಬೇಕು, ತಡವಾದರೆ ಆಗ ವರ್ಷಕ್ಕೆ ಶೇಕಡ 10ರಂತೆ ಬಡ್ಡಿ ಬೀಳುತ್ತಿತ್ತು. ನಾವು 26ನೇ ದಿನ ಅವರ ಬ್ಯಾಂಕ್ ಖಾತೆಗೆ ಹಾಕಿದೆವು. ನಗದು ಕೊಡುವುದು ಬೇಡ ಎಂದು ಹಟ ಹಿಡಿದವನು ನಾನೇ.

ಈಗ, 2025ರ ನವೆಂಬರ್ 21ರಿಂದ, ಹಳೆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 15 ದಿನದ ಲೆಕ್ಕ, 30 ದಿನದ ಗಡುವು ಹಾಗೇ ಇವೆ. ಇಷ್ಟು ಅವಧಿಗೆ ಎಂದು ಕರಾರು ಮಾಡಿ ತೆಗೆದುಕೊಂಡವರು ಈಗ 5 ವರ್ಷ ಕಾಯಬೇಕಿಲ್ಲ.

ನಾನು ಬದಲಿಸಿದ್ದು ಎರಡು. ಎಲ್ಲರಿಂದಲೂ ನಾಮಿನಿ ಫಾರಂ ತುಂಬಿಸಿದೆ, ಅದು ಒಂದು ವರ್ಷ ಸೇವೆ ಆದ ಕೂಡಲೇ ಆಗಬೇಕಿದ್ದ ಕೆಲಸ. ಇನ್ನೊಂದು, ಕುಯ್ಲಿನಲ್ಲಿ ಮೂಟೆ ಒಂದೇ ಆದರೂ ಹೆಸರು ಎರಡು ಬರೆಯುತ್ತೇನೆ, ಕಿಲೋ ಅರ್ಧ ಅರ್ಧ. ಕೆಲವು ಗಂಡಸರು ಇನ್ನೂ ಗೊಣಗುತ್ತಾರೆ. ಮೊನ್ನೆ ಒಬ್ಬಾಕೆ ತಕ್ಕಡಿ ಮುಂದೆ ನಿಂತು, "ಅರ್ಧ ಯಾಕೆ ರೈಟ್ರೇ, ಜಾಸ್ತಿ ಕುಯ್ದಿದ್ದು ನಾನು" ಎಂದಳು. ಮರುದಿನದಿಂದ ಆಕೆಗೆ ಬೇರೆ ಮೂಟೆ ಕೊಟ್ಟೆ.