ಮೂತ್ರದಲ್ಲಿ ಕಿಡ್ನಿ ಕ್ಯಾನ್ಸರಿನ ಸುಳಿವು ಹುಡುಕಿದ ನನ್ನ ಅನುಭವ

ಕಿಡ್ನಿ ಕ್ಯಾನ್ಸರ್ ಬಹಳ ಕಾಲ ನೋವಿಲ್ಲದೆ ಬೆಳೆಯುತ್ತದೆ. ಈಗೀಗ ಎಷ್ಟೋ ಗಡ್ಡೆಗಳು ಸಿಗುವುದು ಬೇರೆ ಯಾವುದೋ ತೊಂದರೆಗೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ. ಮೂತ್ರ ತಯಾರಾಗುವುದೇ ಕಿಡ್ನಿಯಲ್ಲಿ. ಅಂದಮೇಲೆ ಗಡ್ಡೆಯ ಗುರುತೂ ಅದರಲ್ಲಿ ಇಳಿದು ಬರಬೇಕು ಅಲ್ವಾ? ಈ ಪ್ರಶ್ನೆಯೇ ನನ್ನನ್ನು ಲ್ಯಾಬಿನ ಈ ಕೆಲಸಕ್ಕೆ ಎಳೆಯಿತು.

ನಾನು ಅಳೆದದ್ದು ಅಕ್ವಾಪೊರಿನ್-1 ಮತ್ತು ಪೆರಿಲಿಪಿನ್-2 ಎಂಬ ಎರಡು ಪ್ರೋಟೀನುಗಳನ್ನು. ಕಿಡ್ನಿ ಕ್ಯಾನ್ಸರ್ ಇದ್ದವರ ಮೂತ್ರದಲ್ಲಿ ಇವು ಏರಿರುತ್ತವೆ ಎಂದು ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ದಾರಿ ತೋರಿಸಿತ್ತು. ಮೊದಲನೆಯದು ಜೀವಕೋಶದೊಳಗೆ ನೀರು ಹಾಯುವ ಬಾಗಿಲು. ಎರಡನೆಯದು ಕೊಬ್ಬಿನ ಹನಿಗಳ ಸುತ್ತ ಕೂರುತ್ತದೆ. ಕಿಡ್ನಿ ಕ್ಯಾನ್ಸರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕ್ಲಿಯರ್ ಸೆಲ್ ಬಗೆಯವು, ಅವುಗಳ ಜೀವಕೋಶದಲ್ಲಿ ಕೊಬ್ಬು ತುಂಬಿರುತ್ತದೆ. ಸ್ಲೈಡ್ ಮಾಡುವಾಗ ಅದು ಕರಗಿಹೋಗಿ ಜೀವಕೋಶ ಖಾಲಿಯಾಗಿ ಕಾಣುತ್ತದೆ.

ಅಳೆಯುವುದಕ್ಕಿಂತ ಮೂತ್ರವನ್ನು ಕಾಪಾಡುವುದೇ ದೊಡ್ಡ ಕೆಲಸ. ರೋಗಿಯ ಒಪ್ಪಿಗೆ ಪಡೆದು, ಆಪರೇಷನ್‌ಗೆ ಮುಂಚೆ ತೆಗೆದ ಮೂತ್ರವನ್ನು ತಕ್ಷಣ ಐಸ್‌ನಲ್ಲಿ ಇಡುತ್ತಿದ್ದೆ. ಪ್ರೋಟೀನು ಒಡೆಯದಂತೆ ಪ್ರೋಟಿಯೇಸ್ ಇನ್‌ಹಿಬಿಟರ್ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದ ಕೆಸರು ಬಿಟ್ಟು ಮೇಲಿನ ತಿಳಿಯನ್ನು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ, ಮೈನಸ್ 80 ಡಿಗ್ರಿಗೆ. ಒಂದು ಟ್ಯೂಬ್ ಒಂದೇ ಸಲ ಕರಗಬೇಕು. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಅಂಕಿಯನ್ನು ನಂಬುವ ಹಾಗಿಲ್ಲ.

ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ, ಬೇಕಾದದ್ದನ್ನು ಪಟ್ಟಿಯಂತೆ (ಬ್ಯಾಂಡ್) ಕಾಣಿಸುವ ವಿಧಾನ ವೆಸ್ಟರ್ನ್ ಬ್ಲಾಟ್. ಅದಕ್ಕೆ ಸ್ಯಾಂಪಲ್ ಕುದಿಸುವುದು ವಾಡಿಕೆ. ಅಕ್ವಾಪೊರಿನ್-1 ಜೀವಕೋಶದ ಪೊರೆಯಲ್ಲಿ ಕೂರುವ ಪ್ರೋಟೀನು, ಕುದಿಸಿದರೆ ಗಂಟುಗಟ್ಟುವ ಭಯ. ಹಾಗಾಗಿ ಹದವಾಗಿ ಮಾತ್ರ ಬಿಸಿ ಮಾಡುತ್ತಿದ್ದೆ. ಇದರ ಬ್ಯಾಂಡ್ ಎರಡು ಕಡೆ ಬರುತ್ತದೆ: 28 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಒಂದು, ಸಕ್ಕರೆ ಅಂಟಿದ್ದರಿಂದ ಅದರ ಮೇಲೆ ಹರಡಿಕೊಂಡದ್ದು ಇನ್ನೊಂದು. ಎರಡನ್ನೂ ಸೇರಿಸಿ ನೋಡಬೇಕು.

ಜಾಸ್ತಿ ನೀರು ಕುಡಿದವರ ಮೂತ್ರ ತೆಳು, ಪ್ರೋಟೀನೂ ಕಡಿಮೆ ಕಾಣುತ್ತದೆ. ಅದಕ್ಕೆ ಪ್ರತಿ ಅಂಕಿಯನ್ನೂ ಅದೇ ಮೂತ್ರದ ಕ್ರಿಯಾಟಿನಿನ್‌ನಿಂದ (ದೇಹ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಹೊರಹಾಕುವ ಕಸ) ಭಾಗಿಸುತ್ತಿದ್ದೆ. ಇದನ್ನು ಬಿಟ್ಟರೆ ಇಬ್ಬರನ್ನು ಹೋಲಿಸುವುದಕ್ಕೇ ಅರ್ಥವಿಲ್ಲ.

ನನಗೆ ಧೈರ್ಯ ಕೊಟ್ಟದ್ದು ಆಪರೇಷನ್ ನಂತರದ ಸ್ಯಾಂಪಲ್‌ಗಳು. ಗಡ್ಡೆ ತೆಗೆದ ಮೇಲೆ ಎರಡೂ ಪ್ರೋಟೀನು ಇಳಿದಿದ್ದವು. ಸೇಂಟ್ ಲೂಯಿಸ್ ತಂಡವೂ ಇದನ್ನೇ ಕಂಡಿತ್ತು. 2015ರಲ್ಲಿ ಅವರು, ಬೇರೆ ಬೇರೆ ಕಾರಣಕ್ಕೆ ಸಿಟಿ ಸ್ಕ್ಯಾನ್‌ಗೆ ಬಂದಿದ್ದ 720 ಜನರ ಮೂತ್ರ ನೋಡಿದರು. ಮೂವರಲ್ಲಿ ಮಟ್ಟ ಏರಿತ್ತು. ಅವರಲ್ಲಿ ಇಬ್ಬರಿಗೆ ಕಿಡ್ನಿ ಕ್ಯಾನ್ಸರ್ ಇರುವುದು ಖಚಿತವಾಯಿತು.

ಆದರೂ ಸಿಟಿ ಸ್ಕ್ಯಾನ್ ಜಾಗಕ್ಕೆ ಇದು ಬಂದಿಲ್ಲ. ಕ್ರೋಮೋಫೋಬ್ ಎಂಬ ಬಗೆಯ ಕ್ಯಾನ್ಸರಿನಲ್ಲಿ ಈ ಪ್ರೋಟೀನುಗಳು ಏರುವುದಿಲ್ಲ. ಹಾಗಾಗಿ ಅಂಕಿ ಕಡಿಮೆ ಇದ್ದರೆ ಗಡ್ಡೆ ಇಲ್ಲ ಅಂತಲ್ಲ. "ಮೂತ್ರದ ಟೆಸ್ಟ್ ಒಂದೇ ಸಾಕಲ್ವಾ ಮೇಡಂ, ಸ್ಕ್ಯಾನ್ ಯಾಕೆ?" ಎಂದು ರೋಗಿಗಳ ಮನೆಯವರು ಕೇಳಿದಾಗ ಇದನ್ನೇ ಹೇಳುತ್ತೇನೆ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲ ಎಂದು ಸುಮ್ನೆ ಕೂರದೆ ಯೂರಾಲಜಿಸ್ಟ್ ಹತ್ತಿರ ಹೋಗಿ ಅಂತಲೂ ಹೇಳುತ್ತೇನೆ.